ಲಿಸ್ಬನ್ನಿನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತುಕೊಳ್ಳಿ
ಯೂರೋಪಿನ ಕನ್ನಡ ಕೂಟಗಳ ಬಂಧುಗಳಿಗೆ ಒಂದು ಬಹಿರಂಗ ಪತ್ರ



ಮ್ಯೂನಿಕ್, ಐಂಡ್‌ಹೋವನ್, ಡಬ್ಲಿನ್, ಲಂಡನ್‌ಗಳಲ್ಲಿ ದುಡಿಯುವ ನಿಮ್ಮಲ್ಲಿ ಅನೇಕರು ಶನಿವಾರ ಭಾನುವಾರಗಳಿಗೆ ಒಂದೆರಡು ದಿನ ರಜೆ ಸೇರಿಸಿಕೊಂಡು ಲಿಸ್ಬನ್ನಿಗೆ ಹೊರಡುತ್ತೀರಿ. ಚಳಿಗಾಲದಲ್ಲೂ ಬಿಸಿಲು ಸಿಗುವ ಊರು, ಕೆಲವೇ ಗಂಟೆಗಳ ವಿಮಾನ ಪ್ರಯಾಣ, ಉತ್ತರದ ನಗರಗಳಿಗೆ ಹೋಲಿಸಿದರೆ ಕೈಗೆಟಕುವ ಖರ್ಚು. ಹೋಗಬೇಕಾದ ಊರೇ ಅದು. ಆದರೆ ನಮ್ಮವರು ಹಾಕಿಕೊಳ್ಳುವ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಮೊದಲ ದಿನ ಬೆಲೇಮ್‌ನ ಮಠ ಮತ್ತು ಗೋಪುರ, ಎರಡನೆಯ ದಿನ ಸಾವ್ ಜಾರ್ಜ್ ಕೋಟೆ, 28ನೇ ನಂಬರಿನ ಹಳದಿ ಟ್ರಾಮ್, ಸಂಜೆ ಯಾವುದಾದರೊಂದು ದಿಬ್ಬದ ಮೇಲಿನಿಂದ ಸೂರ್ಯಾಸ್ತ, ಮೂರನೆಯ ದಿನ ಸಿಂತ್ರಾದ ಅರಮನೆಗಳು. ಈ ಪಟ್ಟಿಯಲ್ಲಿ ಪ್ರತಿ ಜಾಗಕ್ಕೂ ಗಂಟೆ ನಿಗದಿಯಾಗಿರುತ್ತದೆ, ಊಟಕ್ಕೆ ಮಾತ್ರ ಇರುವುದಿಲ್ಲ. ಮಧ್ಯಾಹ್ನ ಸಾಲಿನಲ್ಲಿ ನಿಂತೇ ಸ್ಯಾಂಡ್‌ವಿಚ್ಚೋ ಮನೆಯಿಂದ ತಂದ ಚಪಾತಿಯೋ ಮುಗಿಯುತ್ತದೆ. ರಾತ್ರಿ ಸುಸ್ತಾಗಿ, ಹೋಟೆಲಿನ ಹತ್ತಿರ ಕಂಡ ಯಾವುದೋ ಇಂಡಿಯನ್ ರೆಸ್ಟೋರೆಂಟಿನಲ್ಲಿ ಪನೀರ್ ಬಟರ್ ಮಸಾಲ. ಈ ಕ್ರಮವನ್ನು ತಿರುವಿಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಲಿಸ್ಬನ್ನಿನಲ್ಲಿ ಮೊದಲು ಮಧ್ಯಾಹ್ನದ ಊಟವನ್ನು ಗೊತ್ತುಮಾಡಿಕೊಳ್ಳಿ, ನೋಡುವ ಜಾಗಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಬಾಯಿರುಚಿಯ ಮಾತಲ್ಲ ಇದು. ಆ ಊರನ್ನು ನೋಡುವುದಕ್ಕೇ ಅದು ಸರಿಯಾದ ದಾರಿ ಎಂಬುದು ನನ್ನ ವಾದ. ಎಲ್ಲ ಊರಿಗೂ ಈ ಮಾತು ಹೀಗೆ ಸಲ್ಲುವುದಿಲ್ಲ. ರೋಮಿನಲ್ಲಿ ಹಸಿದುಕೊಂಡೇ ಓಡಾಡಿದರೂ ಎರಡು ಸಾವಿರ ವರ್ಷಗಳ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಲಿಸ್ಬನ್ ಕಥೆ ಬೇರೆ.

ಬೇರೆಯಾದದ್ದು 1755ರ ನವೆಂಬರ್ 1ರಂದು. ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಚರ್ಚುಗಳು ತುಂಬಿದ್ದವು, ಎಲ್ಲೆಲ್ಲೂ ಮೇಣದ ಬತ್ತಿ ಉರಿಯುತ್ತಿದ್ದವು. ಒಂಬತ್ತೂವರೆಯ ಸುಮಾರಿಗೆ ನೆಲ ನಡುಗಿತು. ಬದುಕುಳಿದವರು ಬಯಲು ಹುಡುಕಿಕೊಂಡು ನದಿಯ ದಂಡೆಗೆ ಓಡಿದರು, ತೇಜೋ ನದಿಯ ಅಳಿವೆಯಿಂದ ಸುನಾಮಿ ನುಗ್ಗಿತು. ಆಮೇಲೆ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಆರಲಿಲ್ಲ. ನದಿಯಂಚಿನ ರಾಜರ ಅರಮನೆ ಹೋಯಿತು, ಅದರೊಳಗಿದ್ದ ಎಪ್ಪತ್ತು ಸಾವಿರ ಸಂಪುಟಗಳ ಗ್ರಂಥಭಂಡಾರ ಹೋಯಿತು. ಅದೇ ವರ್ಷದ ವಸಂತದಲ್ಲಷ್ಟೇ ಬಾಗಿಲು ತೆರೆದಿದ್ದ ಒಪೇರಾ ಮಂದಿರವೂ ಉಳಿಯಲಿಲ್ಲ. ಪೂರ್ವದೇಶಗಳ ವ್ಯಾಪಾರದ ಲೆಕ್ಕವನ್ನೆಲ್ಲ ಇಟ್ಟಿದ್ದ ‘ಕಾಸಾ ದಾ ಇಂಡಿಯಾ’ ಎಂಬ ಕಚೇರಿ ತನ್ನ ಕಡತಗಳ ಸಮೇತ ನಾಶವಾಯಿತು. ನೀವು ಇಂದು ನಡೆದಾಡುವ ಬೈಷಾ ಎಂಬ ಪೇಟೆಬೀದಿಗಳು, ನದಿಗೆ ಮುಖಮಾಡಿದ ಆ ಭವ್ಯ ಚೌಕ, ಎಲ್ಲವೂ ಭೂಕಂಪದ ಬಳಿಕ ಮಂತ್ರಿ ಪೊಂಬಾಲ್ ಗೆರೆ ಎಳೆದಂತೆ ಕಟ್ಟಿಸಿದ ಹೊಸ ಊರು. ಗೋಡೆಗಳೊಳಗೆ ಮರದ ಪಂಜರವಿಟ್ಟು, ಮತ್ತೆ ನೆಲ ಅಲುಗಿದರೂ ಮನೆ ಕುಸಿಯದಂತೆ ಮಾಡಿದ ಜಾಣ ಕೆಲಸ ಅದು, ನಿಂತು ನೋಡಬೇಕಾದದ್ದೇ. ಆದರೆ ಅದು ಹದಿನೆಂಟನೆಯ ಶತಮಾನದ ಕೆಲಸ. ವಾಸ್ಕೊ ಡ ಗಾಮ ಹೊರಟು ಮರಳಿದ ಊರು, ಮೆಣಸಿನ ಮೂಟೆಗಳು ಇಳಿದ ಊರು, ಯಾವ ಊರನ್ನು ನೆನೆದು ನೀವು ಟಿಕೆಟ್ ತೆಗೆದಿರುತ್ತೀರೋ ಆ ಊರು, ಬಹುಪಾಲು ಈಗ ಇಲ್ಲ. ಉಳಿದದ್ದು ಆಲ್ಫಾಮಾದ ಇಕ್ಕಟ್ಟಿನ ಓಣಿಗಳು, ಚಾವಣಿ ಕಳೆದುಕೊಂಡು ಹಾಗೆಯೇ ನಿಂತಿರುವ ಕಾರ್ಮೋ ಮಠ, ಪೆಟ್ಟು ತಿಂದು ದುರಸ್ತಿಯಾದ ಕತೀಡ್ರಲ್, ಊರಾಚೆಗಿದ್ದ ಕಾರಣಕ್ಕೆ ಬಹಳ ಹಾನಿಯಿಲ್ಲದೆ ಪಾರಾದ ಬೆಲೇಮ್. ಭೂಕಂಪಕ್ಕೆ ಮೊದಲಿನ ನಗರ ಹೇಗಿತ್ತೆಂದು ತಿಳಿಯಲು ಇರುವ ದೊಡ್ಡ ಸಾಕ್ಷಿ ಅಜುಲೇಜು ಹೆಂಚುಗಳ ವಸ್ತುಸಂಗ್ರಹಾಲಯದಲ್ಲಿರುವ ಒಂದು ಹೆಂಚಿನ ಚಿತ್ರ. ಸುಮಾರು 23 ಮೀಟರ್ ಉದ್ದಕ್ಕೆ ನದಿದಂಡೆಯ ಇಡೀ ಊರು ನೀಲಿ ಬಣ್ಣದಲ್ಲಿದೆ. ಅರಮನೆಯ ಬದಲು ಅರಮನೆಯ ಚಿತ್ರ ನೋಡಬೇಕಾದ ಊರಿನಲ್ಲಿ, ಉಳಿದ ಚರಿತ್ರೆಯನ್ನು ಇನ್ನೆಲ್ಲಿ ಹುಡುಕುವುದು?

ತಟ್ಟೆಯಲ್ಲಿ. ಇದು ಅಲಂಕಾರದ ಮಾತಲ್ಲ. ಬಕಲ್ಯಾವ್ ಎಂದು ಅವರು ಕರೆಯುವ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನೇ ತೆಗೆದುಕೊಳ್ಳಿ. ಪೋರ್ಚುಗಲ್ಲಿನ ರಾಷ್ಟ್ರೀಯ ಆಹಾರ ಎನ್ನಿಸಿಕೊಂಡ ಈ ಮೀನು ಅವರ ಕಡಲಿನಲ್ಲಿ ಸಿಗುವುದೇ ಇಲ್ಲ. ಹದಿನಾರನೆಯ ಶತಮಾನದಿಂದ ಅವರ ಹಡಗುಗಳು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನ ತಣ್ಣೀರಿಗೆ ಹೋಗಿ ಹಿಡಿದು, ಉಪ್ಪಿನಲ್ಲಿ ಅಡಕಿ ತರುತ್ತಿದ್ದವು. ಇಂದು ಹೆಚ್ಚಿನದು ನಾರ್ವೆಯಿಂದ ಬರುತ್ತದೆ. ಮಾಂಸ ಮುಟ್ಟಬಾರದ ಉಪವಾಸದ ದಿನಗಳು ಕ್ಯಾಥೊಲಿಕರಿಗೆ ವರ್ಷದಲ್ಲಿ ಬಹಳ ಇದ್ದವು. ಒಳನಾಡಿನ ಹಳ್ಳಿಗೂ ಕೆಡದೆ ತಲುಪುವ, ತಿಂಗಳುಗಟ್ಟಲೆ ಸಮುದ್ರಯಾನದಲ್ಲೂ ಹಾಳಾಗದ ಮೀನು ಬೇಕಿತ್ತು. ಧರ್ಮ, ಉಪ್ಪು, ನೌಕಾಯಾನ ಮೂರೂ ಸೇರಿ ಒಂದು ಜನಾಂಗದ ನಾಲಿಗೆಯನ್ನು ರೂಪಿಸಿದ ಬಗೆ ಇದು. ಒಂದೆರಡು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ಬಿಡಿಸಿ, ಎಳೆಯೆಳೆಯಾಗಿ ಹರಿದು, ಕಡ್ಡಿಯಂತೆ ಹೆಚ್ಚಿ ಕರಿದ ಆಲೂಗಡ್ಡೆ, ಈರುಳ್ಳಿ, ಮೊಟ್ಟೆಯ ಜೊತೆ ಕಲಸಿದ ‘ಬಕಲ್ಯಾವ್ ಆ ಬ್ರಾಶ್’ ಲಿಸ್ಬನ್ನಿನದೇ ಅಡುಗೆ. ಅದರಲ್ಲಿರುವ ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಬಂದದ್ದು. ಒಂದೇ ತಟ್ಟೆಯಲ್ಲಿ ಅಟ್ಲಾಂಟಿಕ್‌ನ ಎರಡು ದಡಗಳಿವೆ.

ಬೆಲೇಮ್‌ನಲ್ಲಿ ನೀವು ನೋಡುವ ಜೆರೋನಿಮೋಸ್ ಮಠವನ್ನು ರಾಜ ಮನುಯೆಲ್ 16ನೇ ಶತಮಾನದ ಆರಂಭದಲ್ಲಿ ಕಟ್ಟಿಸಲು ಹೊರಟಾಗ, ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆ ಅದರ ಖರ್ಚಿಗೆ ಹೋಯಿತು. ಅಲ್ಲಿನ ಚರ್ಚಿನಲ್ಲಿ ಗಾಮನ ಸಮಾಧಿಯಿದೆ. ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ 1837ರಿಂದ ನಡೆಯುತ್ತಿರುವ ಸಿಹಿತಿಂಡಿಯ ಅಂಗಡಿಯಿದೆ. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿಸಿದ ಮೇಲೆ ಮಠದ ಅಡುಗೆಮನೆಯ ಗುಟ್ಟು ಈ ಅಂಗಡಿಗೆ ಬಂತೆಂಬುದು ಅವರ ಕಥನ. ಪದರಪದರದ ಬಟ್ಟಲಿನಲ್ಲಿ ಮೊಟ್ಟೆಯ ಹಳದಿ, ಹಾಲು, ಸಕ್ಕರೆ, ಮೇಲೆ ಉದುರಿಸಿಕೊಳ್ಳಲು ದಾಲ್ಚಿನ್ನಿ ಪುಡಿ. ದಾಲ್ಚಿನ್ನಿಗಾಗಿ ಪೋರ್ಚುಗೀಸರು ಸಿಂಹಳದ ಕರಾವಳಿಯನ್ನು ಹಿಡಿದರು. ಸಕ್ಕರೆಗಾಗಿ ಮಡೈರಾದಲ್ಲಿ, ಸಾವ್ ತೊಮೆಯಲ್ಲಿ, ಬ್ರೆಜಿಲ್ಲಿನಲ್ಲಿ ಕಬ್ಬು ಬೆಳೆಸಿ, ಆ ಗದ್ದೆಗಳಿಗೆ ಆಫ್ರಿಕದ ಜನರನ್ನು ಗುಲಾಮರನ್ನಾಗಿಸಿ ಸಾಗಿಸಿದರು. ಸಾಲಿನಲ್ಲಿ ನಿಂತು ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿನಲ್ಲಿ ತಿಂದರೆ ಇದು ಒಳ್ಳೆಯ ತಿಂಡಿ. ಮಠ ನೋಡಿ ಬಂದು ಅಂಗಡಿಯ ಒಳಗಿನ ವಿಶಾಲ ಕೋಣೆಗಳಲ್ಲಿ ಕೂತು, ಒಂದು ಸಣ್ಣ ಕಪ್ ಕಾಫಿಯೊಡನೆ ತಿಂದರೆ ಮಠದ ಕಲ್ಲುಗಳಿಗೆ ಹಣ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. ಮಠವನ್ನೂ ತಿಂಡಿಯನ್ನೂ ಒಂದೇ ನೋಟದ ಎರಡು ಭಾಗಗಳೆಂದು ನಾನು ಹೇಳುವುದು ಈ ಕಾರಣಕ್ಕೆ.

ಸಾಮ್ರಾಜ್ಯ ಮುಗಿದದ್ದನ್ನೂ ತಟ್ಟೆಯೇ ಹೇಳುತ್ತದೆ. 1974ರ ಏಪ್ರಿಲ್ 25ರ ಕ್ರಾಂತಿಯ ಬಳಿಕ, 1975ರಲ್ಲಿ ಮೊಜಾಂಬಿಕ್, ಕೇಪ್ ವರ್ಡೆ, ಅಂಗೋಲಾ ಒಂದರ ಹಿಂದೊಂದು ಸ್ವತಂತ್ರವಾದವು. ಲಕ್ಷಗಟ್ಟಲೆ ಜನ ಲಿಸ್ಬನ್ನಿಗೆ ಬಂದಿಳಿದರು. ಅವರೊಡನೆ ಕೇಪ್ ವರ್ಡೆಯ ಜೋಳ ಮತ್ತು ಕಾಳುಗಳ ಕಶೂಪಾ ಬಂತು, ಅಂಗೋಲಾದ ತಾಳೆಎಣ್ಣೆಯ ಸಾರು ಬಂತು, ಆಫ್ರಿಕದಲ್ಲಿ ನೆಲೆಯೂರಿದ್ದ ಪಿರಿ-ಪಿರಿ ಮೆಣಸಿನಕಾಯಿ ಬಂತು. ಗೋವೆಯವರ ಕರಿ, ಶಮೂಸಾ ಎಂದು ಅವರು ಹೇಳುವ ಸಮೋಸ ಬೀದಿಬದಿಯ ಕೆಫೆಗಳ ಗಾಜಿನ ಪೆಟ್ಟಿಗೆಯಲ್ಲಿ ಮೀನಿನ ಬೋಂಡಾಗಳ ಪಕ್ಕದಲ್ಲೇ ಕುಳಿತಿರುತ್ತದೆ. ಇದಕ್ಕೆಲ್ಲ ಎಲ್ಲೂ ಸ್ಮಾರಕ ಕಟ್ಟಿಲ್ಲ. ಕಟ್ಟಡಗಳ ಪಟ್ಟಿ ಹಿಡಿದು ಹೊರಟವರಿಗೆ ಇಪ್ಪತ್ತನೆಯ ಶತಮಾನದ ಈ ದೊಡ್ಡ ಅಧ್ಯಾಯ ಕಾಣುವುದೇ ಇಲ್ಲ.

ನಮಗೆ ಇದರಲ್ಲಿ ಒಂದು ಹಳೆಯ ಲೆಕ್ಕವೂ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ದೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ ಗುಡಿಗೋಪುರಗಳನ್ನಷ್ಟೇ ನೋಡಿ ಹೋಗಲಿಲ್ಲ. ಪೇಟೆಯಲ್ಲಿ ನಿಂತು ಯಾವ ಅಕ್ಕಿ, ಯಾವ ಬೇಳೆ, ಹೆಸರುಕಾಳೆಷ್ಟು, ಕುದುರೆಗಳಿಗೆ ಹುರುಳಿ ಹೇಗೆ, ನಿಂಬೆಹಣ್ಣಿನ ರಾಶಿ ಎಷ್ಟು ಎಂದು ಗಮನವಿಟ್ಟು ಬರೆದುಕೊಂಡ. ಅವನದೂ ವಿಜಯನಗರದ ಬಗ್ಗೆ ಬರೆದ ಮತ್ತೊಬ್ಬ ಪೋರ್ಚುಗೀಸ ನೂನಿಜ್‌ನದೂ ಬರಹಗಳನ್ನು 1897ರಲ್ಲಿ ಲಿಸ್ಬನ್ನಿನಲ್ಲೇ ಅಚ್ಚುಹಾಕಿಸಿದವನು ದಾವಿದ್ ಲೋಪೆಸ್. 1900ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ನಮ್ಮವರ ಕೈಗೂ ಸಿಕ್ಕಿತು. 1565ರ ಬಳಿಕ ಪಾಳುಬಿದ್ದ ಹಂಪಿಯ ಅರಮನೆಗಳ ತಳಪಾಯ ಮಾತ್ರ ಉಳಿದಿದ್ದರೂ, ಅಲ್ಲಿನ ಜನ ಏನು ಕೊಂಡು ಏನು ತಿನ್ನುತ್ತಿದ್ದರೆಂಬುದು ನಮಗೆ ಇಂದು ಗೊತ್ತಿರುವುದರಲ್ಲಿ ಆ ಪರದೇಶಿಯ ಕುತೂಹಲದ ಪಾಲು ದೊಡ್ಡದು. ಅರಮನೆ ಕಳೆದುಕೊಂಡ ಅವನ ರಾಜಧಾನಿಗೆ ಹೋಗುವಾಗ ನಾವೂ ಅಷ್ಟೇ ಗಮನ ಕೊಡೋಣ ಎನ್ನುವುದು ಅತಿಯಾದ ಬೇಡಿಕೆಯಲ್ಲ.

ಇನ್ನು ಮಧ್ಯಾಹ್ನದ ಊಟವೇ ಏಕೆ, ರಾತ್ರಿಯದು ಏಕಲ್ಲ? ಲಿಸ್ಬನ್ನಿನಲ್ಲಿ ಊರಿನವರು ಊರಿನವರಿಗಾಗಿ ಅಡುಗೆ ಮಾಡುವ ಹೊತ್ತು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ. ತಾಶ್ಕಾ ಎಂದು ಕರೆಯುವ ಸಣ್ಣ ಊಟದ ಮನೆಗಳಲ್ಲಿ ಅಂದಿನ ಅಡುಗೆಯನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಬಾಗಿಲಿಗೆ ಅಂಟಿಸಿರುತ್ತಾರೆ. ಅದು ಅವರ ‘ಪ್ರಾತು ದು ದೀಯಾ’, ದಿನದ ಊಟ. ಪಕ್ಕದ ಕಚೇರಿಯವರು, ಗಾರೆ ಕೆಲಸದವರು, ನಿವೃತ್ತರು ಬಂದು ಕೂರುತ್ತಾರೆ. ರಾತ್ರಿಯಲ್ಲಿ ಅದೇ ಬೀದಿಯ ಬಹಳಷ್ಟು ಜಾಗಗಳು ಪ್ರವಾಸಿಗರಿಗೆಂದೇ ತೆರೆದಿರುತ್ತವೆ, ಆರು ಭಾಷೆಗಳ ಮೆನು, ಅದೇ ಊಟಕ್ಕೆ ಹೆಚ್ಚಿನ ಬೆಲೆ. ಒಂದು ಎಚ್ಚರಿಕೆ: ಇಂಥ ತಾಶ್ಕಾಗಳಲ್ಲಿ ಅನೇಕವು ಭಾನುವಾರ ಮುಚ್ಚಿರುತ್ತವೆ, ಸರ್ಕಾರಿ ವಸ್ತುಸಂಗ್ರಹಾಲಯಗಳು ಮತ್ತು ಜೆರೋನಿಮೋಸ್ ಮಠ ಸೋಮವಾರ. ಶುಕ್ರವಾರ ಸಂಜೆ ಬಂದು ಸೋಮವಾರ ಮರಳುವವರು ಇದನ್ನು ಲೆಕ್ಕಕ್ಕಿಡದಿದ್ದರೆ ಎರಡೂ ಕಡೆ ಮುಚ್ಚಿದ ಬಾಗಿಲು ನೋಡುತ್ತಾರೆ. ಶನಿವಾರ, ಸೋಮವಾರದ ಮಧ್ಯಾಹ್ನಗಳನ್ನು ಊಟಕ್ಕೆ ಕಾದಿರಿಸಿ, ಭಾನುವಾರದ ಬೆಳಗನ್ನು ಬೆಲೇಮ್‌ಗೆ ಕೊಡಿ.

ನಿಮ್ಮ ಮೊದಲ ಆಕ್ಷೇಪ ನನಗೆ ಗೊತ್ತು, ಮತ್ತು ಅದು ಹಗುರವಾದದ್ದಲ್ಲ. ನಮ್ಮ ಕೂಟಗಳಲ್ಲಿ ಅರ್ಧಕ್ಕರ್ಧ ಮಂದಿ ಸಸ್ಯಾಹಾರಿಗಳು. ಮೀನು, ಹಂದಿ, ಮೊಟ್ಟೆಯ ಊರಿನಲ್ಲಿ ತಟ್ಟೆಯನ್ನು ನೋಡು ಎಂದರೆ ಅವರು ಏನು ಮಾಡಬೇಕು? ಇದನ್ನು ತಳ್ಳಿಹಾಕಲಾರೆ. ಹಳೆಯ ತಾಶ್ಕಾದಲ್ಲಿ ಬಾಗಿಲ ಮೇಲಿನ ಕಾಗದದಲ್ಲಿ ಒಂದೂ ಸಸ್ಯಾಹಾರವಿಲ್ಲದ ದಿನಗಳು ಇರುತ್ತವೆ. ಆದರೆ ಉತ್ತರ ಯೂರೋಪಿನ ಎಷ್ಟೋ ಊರುಗಳಿಗಿಂತ ಇಲ್ಲಿ ನಮ್ಮ ನಾಲಿಗೆಗೆ ಹತ್ತಿರದ ಸಾಮಾನು ಹೆಚ್ಚಿದೆ. ಯೂರೋಪಿನಲ್ಲಿ ತಲೆಗೆ ಅತಿ ಹೆಚ್ಚು ಅಕ್ಕಿ ಉಣ್ಣುವವರು ಪೋರ್ಚುಗೀಸರು. ಟೊಮೆಟೊ ಅನ್ನ, ಕಾಳಿನ ಅನ್ನ, ಸೊಪ್ಪಿನ ಅನ್ನ ಅವರ ದಿನನಿತ್ಯದ ಅಡುಗೆ. ಯೂರೋಪಿನ ಬೇರೆಡೆ ಅಪರೂಪವಾದ ಹಸಿ ಕೊತ್ತಂಬರಿ ಸೊಪ್ಪನ್ನು ಇವರು ಕೈಬಿಚ್ಚಿ ಬಳಸುತ್ತಾರೆ. ಹುರುಳಿಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ‘ಪೆಯ್ಶಿನ್ಯೊಶ್ ದಾ ಓರ್ತಾ’ ನಮ್ಮ ಬಜ್ಜಿಯ ಸೋದರಸಂಬಂಧಿ, ಹಿಟ್ಟಿಗೆ ಮೊಟ್ಟೆ ಬೀಳುತ್ತದೆ ಎಂಬುದನ್ನು ಬಿಟ್ಟರೆ. 1543ರಲ್ಲಿ ಜಪಾನ್ ತಲುಪಿದ ಪೋರ್ಚುಗೀಸರು ಒಯ್ದ ಈ ಬಗೆಯ ಕರಿದ ತಿಂಡಿಯೇ ಅಲ್ಲಿನ ತೆಂಪುರಾಕ್ಕೆ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಜೆಯ್ತಾಂವ್ ಮತ್ತು ಸೆರ್ರಾ ದಾ ಎಶ್ತ್ರೆಲಾ ಎಂಬ ಕುರಿಹಾಲಿನ ಚೀಸುಗಳ ಹಾಲನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದಲ್ಲ, ಕಾರ್ಡೂನ್ ಎಂಬ ಮುಳ್ಳುಗಿಡದ ಒಣಹೂವಿನಿಂದ ಒಡೆಸುತ್ತಾರೆ. ಯೂರೋಪಿನ ಚೀಸ್ ಎಂದರೆ ಹಿಂಜರಿಯುವ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೆ? ಕಾಲ್ದು ವೇರ್ದ್ ಎಂಬ ಸೊಪ್ಪು–ಆಲೂಗಡ್ಡೆಯ ಸಾರಿನ ಮೇಲೆ ಸಾಸೇಜಿನ ಬಿಲ್ಲೆ ಇಡುವುದು ವಾಡಿಕೆ, ಕೆಲವೆಡೆ ಬೇಯಿಸುವಾಗಲೇ ಹಾಕುತ್ತಾರೆ, ಆದ್ದರಿಂದ ಮೊದಲೇ ಕೇಳಬೇಕು. ‘ಸೆಂ ಕಾರ್ನ್, ಸೆಂ ಪೆಯ್ಶ್’, ಮಾಂಸ ಬೇಡ, ಮೀನು ಬೇಡ, ಇಷ್ಟನ್ನು ನಗುಮುಖದಿಂದ ಹೇಳಿದರೆ ತಾಶ್ಕಾದ ಅಜ್ಜಿಯರು ಅನ್ನ, ಕಾಳು, ಸೊಪ್ಪು ಕೂಡಿಸಿ ಏನಾದರೂ ಮಾಡಿಕೊಡುವ ಸಾಧ್ಯತೆಯೇ ಹೆಚ್ಚು.

ಅದೂ ಬೇಡವೆಂದರೆ ಲುಮಿಯಾರ್ ಬಡಾವಣೆಯಲ್ಲಿ ಹಿಂದೂ ಸಮುದಾಯದವರ ರಾಧಾಕೃಷ್ಣ ದೇವಸ್ಥಾನವಿದೆ. ಅದರ ಊಟದ ಮನೆ ಸಸ್ಯಾಹಾರದ ಮಧ್ಯಾಹ್ನದ ಊಟಕ್ಕೆ ಲಿಸ್ಬನ್ನಿನ ಪೋರ್ಚುಗೀಸರ ನಡುವೆಯೂ ಹೆಸರಾಗಿದೆ. ಅಲ್ಲಿಗೆ ಹೋಗಿ ಎಂದು ನಾನು ಹೇಳುವುದು ‘ನಮ್ಮ ಊಟ’ ಸಿಗುತ್ತದೆ ಎಂಬ ಕಾರಣಕ್ಕೆ ಮಾತ್ರವಲ್ಲ. ಆ ಸಮುದಾಯದ ಬಹುಪಾಲು ಮನೆತನಗಳು ಗುಜರಾತಿನಿಂದ ಮೊಜಾಂಬಿಕ್‌ಗೆ ವ್ಯಾಪಾರಕ್ಕೆ ಹೋಗಿ, ಅದು ಸ್ವತಂತ್ರವಾದ ಮೇಲೆ ಲಿಸ್ಬನ್ನಿಗೆ ಬಂದವು. ಅವರ ದಾಳ್–ಚಪಾತಿಯೂ ಪೋರ್ಚುಗೀಸ್ ಚರಿತ್ರೆಯ ಒಂದು ಪುಟವೇ. ಹೋಟೆಲಿನ ಪಕ್ಕದ ಪನೀರ್ ಮಸಾಲಕ್ಕೂ ಇದಕ್ಕೂ ಇರುವ ಅಂತರ ಅದು.

ಎರಡನೆಯ ಆಕ್ಷೇಪ: ಇಷ್ಟು ದೂರ ಬಂದು ಎರಡು ಗಂಟೆ ಊಟಕ್ಕೆ ಕೂತರೆ ನೋಡುವುದು ಕಡಿಮೆಯಾಗುವುದಿಲ್ಲವೇ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಅವರಿಗೆ ಎಲ್ಲ ತೋರಿಸಬೇಡವೇ? ಕಡಿಮೆಯಾಗುತ್ತದೆ. ಸಿಂತ್ರಾ ಬಿಟ್ಟುಹೋಗುತ್ತದೆ, ಬಿಡಿ ಎಂದೇ ನನ್ನ ಸಲಹೆ. ರೈಲಿಗೆ ಮುಕ್ಕಾಲು ಗಂಟೆ, ಬೆಟ್ಟ ಹತ್ತಲು ಬಸ್ಸಿನ ಸಾಲು, ಅರಮನೆಯ ಬಾಗಿಲಲ್ಲಿ ಇನ್ನೊಂದು ಸಾಲು. ಮೂರು ದಿನಗಳಲ್ಲಿ ಒಂದಿಡೀ ದಿನ ಲಿಸ್ಬನ್ನಿನಿಂದ ಕಡಿದುಹೋಗುತ್ತದೆ, ಸಿಂತ್ರಾಕ್ಕೂ ನ್ಯಾಯ ಸಿಗುವುದಿಲ್ಲ. ಹಾಗೆಯೇ 28ನೇ ಟ್ರಾಮ್. ಅದು ಆಲ್ಫಾಮಾದ ಮುದುಕರು ಕಾಯಿಪಲ್ಲೆಯ ಚೀಲ ಹಿಡಿದು ಮನೆಗೆ ಹತ್ತುವ ಸಾರಿಗೆ. ಗಂಟೆಗಟ್ಟಲೆ ಕಾದು ನಾವು ಅದನ್ನು ತುಂಬಿದರೆ ನಮಗೆ ಕಿಟಕಿಯೂ ಸಿಗುವುದಿಲ್ಲ, ಅವರಿಗೆ ಸೀಟೂ ಸಿಗುವುದಿಲ್ಲ. ವಯಸ್ಸಾದವರ ವಿಷಯದಲ್ಲಂತೂ ನನ್ನ ವಾದವೇ ಗಟ್ಟಿ. ನುಣುಪುಗಲ್ಲಿನ ಕಾಲುದಾರಿಗಳ, ಏರುಪೇರಿನ ಈ ಊರಿನಲ್ಲಿ ಎಪ್ಪತ್ತರ ಮಂಡಿಗಳಿಗೆ ನಡುಹಗಲಿನಲ್ಲಿ ನೆರಳು, ಕುರ್ಚಿ, ಬಿಸಿ ಸಾರು ಬೇಕೇಬೇಕು. ಬೆಳಿಗ್ಗೆ ಒಂದು ಜಾಗ, ಊಟ, ಸಂಜೆ ಇನ್ನೊಂದು, ಅಷ್ಟರಲ್ಲೇ ಅವರಿಗೆ ಊರು ಸಿಗುತ್ತದೆ.

ಖರ್ಚಿನ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ದಿನದ ಊಟ ರಾತ್ರಿಯ ಊಟಕ್ಕಿಂತ ಅಗ್ಗ, ‘ಮೆಯಾ ದೋಜ್’ ಎಂದು ಅರ್ಧ ಪ್ರಮಾಣವನ್ನೂ ಕೇಳಬಹುದು, ಹಲವೆಡೆ ಅದೇ ಒಬ್ಬರಿಗೆ ಸಾಕು. ಕೂತ ಕೂಡಲೇ ಕೇಳದೆ ತಂದಿಡುವ ಬ್ರೆಡ್, ಆಲಿವ್, ಚೀಸ್ ಪುಕ್ಕಟೆಯಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ, ಹಣ ಕೊಡಬೇಕಿಲ್ಲ. ಇದನ್ನು ಮೋಸವೆಂದು ಜಗಳ ತೆಗೆಯಬೇಡಿ, ಅದು ಅಲ್ಲಿನ ಪದ್ಧತಿ.

ಕೊನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಊರಿನವರ ಊಟದ ಮನೆಗಳಿಗೆ ಪ್ರವಾಸಿಗರೂ ನುಗ್ಗಿದರೆ ಅವರಿಗೆ ಉಳಿಯುವುದೇನು? ಲಿಸ್ಬನ್ ನಗರದ ಜನಸಂಖ್ಯೆ ಐದೂವರೆ ಲಕ್ಷದಷ್ಟು. ಆಲ್ಫಾಮಾ, ಮೊರಾರಿಯಾಗಳಲ್ಲಿ ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾಗಿ, ಹಳೆಯ ಬಾಡಿಗೆದಾರರು ಊರಂಚಿಗೆ ಹೋಗಿದ್ದಾರೆ. 2018ರಲ್ಲಿ ನಗರಸಭೆ ಆ ಬಡಾವಣೆಗಳಲ್ಲಿ ಇಂಥ ಕೋಣೆಗಳ ಹೊಸ ನೋಂದಣಿ ನಿಲ್ಲಿಸಬೇಕಾಯಿತು. ಹಳೆಯ ಅಂಗಡಿ, ಊಟದ ಮನೆಗಳು ಬಾಡಿಗೆ ಏರಿಕೆಗೆ ಸಿಕ್ಕಿ ಮುಚ್ಚದಂತೆ ಅವುಗಳನ್ನು ಗುರುತಿಸಿ ಕಾಪಾಡುವ ‘ಲೋಜಶ್ ಕೋಂ ಇಶ್ತೋರಿಯಾ’ ಎಂಬ ಯೋಜನೆಯನ್ನೂ ಅದು ನಡೆಸುತ್ತಿದೆ. ಹಾಗಾದರೆ ನಾವು ದೂರವಿದ್ದರೆ ಒಳ್ಳೆಯದಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ನಾವು ಹೇಗೂ ಬಂದಿರುತ್ತೇವೆ, ನಮ್ಮ ಹಣ ಹೇಗೂ ಖರ್ಚಾಗುತ್ತದೆ. ಅದು ಸರಪಳಿ ಅಂಗಡಿಯ ಸ್ಯಾಂಡ್‌ವಿಚ್ಚಿಗೆ ಹೋದರೆ ತಾಶ್ಕಾದ ಬಾಡಿಗೆಗೆ ಆಸರೆಯಾಗದು. ಆದರೆ ಹೋಗುವ ರೀತಿಯಲ್ಲಿ ಮರ್ಯಾದೆ ಬೇಕು. ಕೂಟದ ಹದಿನೆಂಟು ಮಂದಿ ಒಟ್ಟಿಗೆ ಒಂದು ಸಣ್ಣ ಬಾಗಿಲಲ್ಲಿ ನಿಂತು ಮೇಜು ಜೋಡಿಸಿ ಎನ್ನಬೇಡಿ. ನಾಲ್ಕುನಾಲ್ಕು ಜನರಾಗಿ ಬೇರೆಬೇರೆ ಬೀದಿಗಳಿಗೆ ಹೋಗಿ. ಒಂದು ಗಂಟೆಗೆ ಕಚೇರಿಯವರು ಬರುವ ಮೊದಲೋ ಎರಡರ ಮೇಲೋ ಕೂತುಕೊಳ್ಳಿ. ಎಲ್ಲರೂ ಕೂಡಿ ಉಣ್ಣಲೇಬೇಕಿದ್ದರೆ ಕಾಯ್ಶ್ ದು ಸೊದ್ರೆ ಬಳಿಯ ರಿಬೈರಾ ಮಾರುಕಟ್ಟೆಯ ಉದ್ದುದ್ದ ಬೆಂಚುಗಳಿವೆ. ಊಟ ತಾಶ್ಕಾದಷ್ಟು ಅಗ್ಗವಲ್ಲ, ಆದರೆ ಸಸ್ಯಾಹಾರಿ, ಮಾಂಸಾಹಾರಿ, ಮಕ್ಕಳು ಎಲ್ಲರೂ ಒಂದೇ ಕಡೆ ಕೂರಬಹುದು. ಅದರ ಇನ್ನೊಂದು ಮಗ್ಗುಲಿನಲ್ಲಿ ಹಳೆಯ ಕಾಯಿಪಲ್ಲೆ, ಮೀನಿನ ಸಂತೆ ಇದೆ. ಬೆಳಿಗ್ಗೆ ಬೇಗ ಹೋದರೆ ಮೊದಲು ಸಂತೆ ನೋಡಿ, ಅಲ್ಲಿಂದ ಬೆಲೇಮ್‌ನ 15ನೇ ಟ್ರಾಮ್ ಹಿಡಿಯಿರಿ. ಮಠದ ಬಾಗಿಲು ತೆರೆಯುವ ಹೊತ್ತಿಗೆ ತಲುಪಿದರೆ ಸಾಲು ಚಿಕ್ಕದಿರುತ್ತದೆ, ಊಟದ ಹೊತ್ತಿಗೆ ಮುಗಿಸಿ ಹೊರಬರಬಹುದು.

ಇಂತಿ,
ನಿಮ್ಮ ಹಿತೈಷಿ